ಮುತ್ತಜ್ಜನ ಹೆಸರು ಯಾವ ಕಡತದಲ್ಲಿದೆ?

ಶಿರಸಿ ತಾಲ್ಲೂಕಿನ ಹುಲೇಕಲ್ ಕಡೆಯ ಹವ್ಯಕರ ಮನೆಗಳಲ್ಲಿ ಶ್ರಾದ್ಧದ ದಿನ ಮೂರು ತಲೆಮಾರಿನ ಹೆಸರು ಹೇಳಿ ಪಿಂಡ ಇಡುತ್ತಾರೆ. ಅಪ್ಪ, ಅಜ್ಜ, ಮುತ್ತಜ್ಜ. ಅದರಾಚೆಯವರ ಹೆಸರು ಕೇಳಿದರೆ ಮನೆಯ ಹಿರಿಯರೂ ತಡವರಿಸುತ್ತಾರೆ. ಇಂಥ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ವಂಶವೃಕ್ಷ ಬರೆಯಬೇಕೆಂಬ ಆಸೆ ಹುಟ್ಟಿದಾಗ ಅವರಿಗೆ ಮೊದಲು ಹೊಳೆಯುವುದು ಹಳೆಯ ಜನಗಣತಿ.

ಅಮೆರಿಕದವರಿಗೆ ಅದು ಸರಿಯಾದ ದಾರಿಯೇ. ಅಲ್ಲಿ ಗಣತಿಯ ಮನೆವಾರು ಪಟ್ಟಿಗಳನ್ನು 72 ವರ್ಷಗಳ ನಂತರ ಎಲ್ಲರಿಗೂ ತೆರೆದಿಡುತ್ತಾರೆ. 1950ರ ಪಟ್ಟಿಗಳು 2022ರಲ್ಲಿ ಹೊರಬಂದವು. ಅಂತರ್ಯುದ್ಧದ ಸೈನಿಕರ ಪಿಂಚಣಿ ಕಡತಗಳಲ್ಲಂತೂ ಇನ್ನೂ ಹೆಚ್ಚಿನ ವಿವರಗಳಿವೆ. ಸತ್ತ ಸೈನಿಕನ ಹೆಂಡತಿ ಪಿಂಚಣಿ ಪಡೆಯಬೇಕಾದರೆ ಮದುವೆ ಎಂದು ಆಯಿತು, ಮಕ್ಕಳು ಯಾರು ಎಂಬುದಕ್ಕೆ ಸಾಕ್ಷ್ಯ ಒದಗಿಸಬೇಕಿತ್ತು. ಆ ಸಾಕ್ಷ್ಯವೆಲ್ಲ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿದೆ.

ನಮ್ಮ ದೇಶದಲ್ಲಿಯೂ ಜನಗಣತಿಗೆ ದೀರ್ಘ ಇತಿಹಾಸವಿದೆ. ಮುಂಬೈ ಪ್ರಾಂತದವರನ್ನು 1872ರಲ್ಲಿ ಎಣಿಸಿದರು. ದೇಶದಲ್ಲೆಲ್ಲ ಏಕಕಾಲಕ್ಕೆ ಎಣಿಕೆ ನಡೆದದ್ದು 1881ರ ಫೆಬ್ರುವರಿ 17ರಂದು. ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ‘ಹೆಂಗಸು’ ಎಂದಷ್ಟೇ ಬರೆದುಕೊಳ್ಳಬಹುದು ಎಂಬ ಸೂಚನೆ ಆಗ ಇತ್ತು! ಹೇಳಿದವರ ಹೆಸರಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ಲೆಕ್ಕ ಕೂಡಿಸಿ ಕೋಷ್ಟಕ ಅಚ್ಚಾದ ಮೇಲೆ ಮನೆವಾರು ಹಾಳೆಗಳನ್ನು ನಾಶಮಾಡುವುದೇ ರೂಢಿಯಾಗಿತ್ತು. 1948ರ ಜನಗಣತಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಣತಿಯ ಪುಸ್ತಕವನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಅದರಲ್ಲಿ ಬರೆದದ್ದು ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಗದು. ಹಳೆಯ ಗಣತಿ ವರದಿಗಳಿಂದ ಒಂದು ಸೀಮೆಯಲ್ಲಿ ಎಷ್ಟು ಜನರಿದ್ದರು, ಯಾವ ಜಾತಿಯವರು ಎಷ್ಟು ಎಂಬುದು ತಿಳಿದೀತು. ನಿಮ್ಮ ಮುತ್ತಜ್ಜ ಅಲ್ಲಿ ಒಂದು ಅಂಕಿಯೊಳಗೆ ಸೇರಿಹೋಗಿದ್ದಾನೆ.

ಸರ್ಕಾರ ಹೆಸರುಗಳನ್ನು ಜೋಪಾನವಾಗಿ ಇಟ್ಟದ್ದು ಹಣದ ವ್ಯವಹಾರ ಇದ್ದ ಕಡೆ. ಕಂದಾಯ ಕಟ್ಟುವವನ ಹೆಸರು ಅದಕ್ಕೆ ಬೇಕಿತ್ತು, ಪಿಂಚಣಿ ಪಡೆಯುವವನದೂ ಬೇಕಿತ್ತು. ಆದ್ದರಿಂದ ಹುಡುಕಾಟ ಶಿರಸಿಯ ತಾಲ್ಲೂಕು ಕಚೇರಿಯಿಂದಲೇ ಶುರುವಾಗುವುದು ಒಳ್ಳೆಯದು. ಹಕ್ಕು ಬದಲಾವಣೆಯ ರಿಜಿಸ್ಟರಿನಲ್ಲಿ ಯಾರು ತೀರಿಕೊಂಡರು, ವಾರಸುದಾರರು ಯಾರು, ಹಿಸೆ ಹೇಗಾಯಿತು ಎಂಬುದು ಸಾಲುಸಾಲಾಗಿ ಸಿಗುತ್ತದೆ. ಹಳೆಯ ಕಾಗದಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಇಲ್ಲೊಂದು ತೊಡಕಿದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಈ ಕಡೆಯ ವಾಡಿಕೆ. ಗಣಪತಿ ರಾಮಕೃಷ್ಣ ಹೆಗಡೆಯ ಮಗ ರಾಮಕೃಷ್ಣ ಗಣಪತಿ ಹೆಗಡೆ, ಅವನ ಮಗ ಮತ್ತೆ ಗಣಪತಿ ರಾಮಕೃಷ್ಣ ಹೆಗಡೆ. ಇಸವಿಯನ್ನೂ ಸರ್ವೆ ನಂಬರನ್ನೂ ಹೊಂದಿಸಿ ನೋಡದಿದ್ದರೆ ಅಜ್ಜ ಯಾರು, ಮೊಮ್ಮಗ ಯಾರು ಎಂಬುದೇ ಕಲಸಿಹೋಗುತ್ತದೆ.

ಇನ್ನೂ ಹಿಂದಕ್ಕೆ ಹೋಗುವವರು ಊರೂರು ತಿರುಗಬೇಕು. ಟಿಪ್ಪು ಮಡಿದ 1799ರಲ್ಲಿ ಕಂಪನಿಯ ಕೈಸೇರಿದ ಕೆನರಾ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಅದರ ಉತ್ತರ ಭಾಗ 1862ರಲ್ಲಿ ಮುಂಬೈಗೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಮೇಲಿನ ಮಟ್ಟದ ಪತ್ರವ್ಯವಹಾರವೂ ಅದೇ ಕ್ರಮದಲ್ಲಿ ಚೆನ್ನೈ, ಮುಂಬೈ, ಬೆಂಗಳೂರುಗಳ ಪತ್ರಾಗಾರಗಳಲ್ಲಿ ಹಂಚಿಹೋಗಿದೆ.

ಇನ್ನು ಪಿಂಚಣಿ. ಶಿರಸಿ, ಸಿದ್ದಾಪುರದ ಬಹಳ ಮನೆಗಳಲ್ಲಿ ಪಿಂಚಣಿ ಎಂದರೆ ನೆನಪಾಗುವುದು ಸೇನೆಯದಲ್ಲ, ಸ್ವಾತಂತ್ರ್ಯ ಹೋರಾಟಗಾರರದು. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಸಿದ್ದಾಪುರ, ಶಿರಸಿ, ಅಂಕೋಲೆಯ ರೈತರು ಕಂದಾಯ ಕಟ್ಟಲಿಲ್ಲ. ಗಂಡಸರು ಹಿಂಡಲಗಾ, ಯರವಡಾ, ವಿಸಾಪುರದ ಜೈಲುಗಳಿಗೆ ಹೋದರು. ಜಮೀನು ಜಪ್ತಿಯಾಗಿ ಹರಾಜಾಯಿತು. ಅದನ್ನು ಕೊಂಡವರ ಮನೆಯ ಮುಂದೆ ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕೂತರು. 1937ರಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ಮರಳಿಸಲು ಕಾನೂನಾಯಿತು. ಹಾಗಾಗಿ ಆ ಕೆಲವು ವರ್ಷಗಳ ದಾಖಲೆಯಲ್ಲಿ ಮನೆತನದ ತೋಟ ಬೇರೆಯವರ ಹೆಸರಿನಲ್ಲಿ ಕಂಡರೆ, ಮುತ್ತಜ್ಜ ಸಾಲ ಮಾಡಿ ಮಾರಿದ ಎಂದು ಅವಸರದಿಂದ ತೀರ್ಮಾನಿಸಬಾರದು.

ಇವರಿಗೆ ಕೇಂದ್ರದ ಪಿಂಚಣಿ ಯೋಜನೆ ಬಂದದ್ದು ಸ್ವಾತಂತ್ರ್ಯದ ಬೆಳ್ಳಿಹಬ್ಬದಂದು, 1972ರ ಆಗಸ್ಟ್ 15ರಂದು. ಮೊದಲಿಗೆ ತಿಂಗಳಿಗೆ 200 ರೂಪಾಯಿ. ಸಾಮಾನ್ಯವಾಗಿ ಆರು ತಿಂಗಳಾದರೂ ಸೆರೆವಾಸ ಅನುಭವಿಸಿರಬೇಕಿತ್ತು. ಜೈಲಿನ ಪ್ರಮಾಣಪತ್ರ ಸಿಗದಿದ್ದರೆ ಜೊತೆಗೆ ಸೆರೆಯಲ್ಲಿದ್ದವರ ಪ್ರಮಾಣಪತ್ರ ಕೊಡಬಹುದಿತ್ತು. ಅಮೆರಿಕದ ವಿಧವೆಯರ ಹಾಗೆ ಇವರೂ ತಮ್ಮ ಬದುಕನ್ನು ಕಾಗದಕ್ಕಿಳಿಸಬೇಕಾಯಿತು. ಒಬ್ಬನ ಕಡತದಲ್ಲಿ ಪಕ್ಕದೂರಿನ ಇನ್ನೊಬ್ಬನ ಸುಳಿವು ಸಿಗುವುದು ಹೀಗೆ. ಜೈಲಿಗೆ ಹೋಗದೆ ಮನೆಯಲ್ಲಿದ್ದು, ದನಕರುಗಳ ಸಮೇತ ಬೀದಿಗೆ ಬಿದ್ದ ಹೆಂಗಸರಿಗೆ ಮಾತ್ರ ಇಂಥ ಕಡತ ಇಲ್ಲ.

ಕಡತವೇ ಇಲ್ಲದವರು ಇನ್ನೂ ಹಲವರಿದ್ದಾರೆ. ಗೇಣಿದಾರರಿಗೆ 1974ರ ಭೂಸುಧಾರಣೆ ಒಂದು ದಾರಿ ಮಾಡಿಕೊಟ್ಟಿತು. ಭೂನ್ಯಾಯಮಂಡಳಿಗೆ ಅವರು ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿ, ಅದರ ವಿಚಾರಣೆಯ ಹೇಳಿಕೆಗಳಲ್ಲಿ ಅಪ್ಪನ ಕಾಲದಿಂದ ಉಳುತ್ತ ಬಂದವರ ಕತೆ ಇದೆ. ವಂಶಾವಳಿ ಹುಡುಕುವವರು ಅತ್ತ ತಿರುಗಿ ನೋಡುವುದು ಕಡಿಮೆ. ಕಾಡಂಚಿನಲ್ಲಿ ತುಂಡು ಭೂಮಿ ಮಾಡಿಕೊಂಡ ಕುಟುಂಬಗಳಿಗೆ ಅದೂ ಇಲ್ಲ.

ಅವರಿಗೆ ಮುತ್ತಜ್ಜನ ಹೆಸರು ಬರಿಯ ಕುತೂಹಲದ ವಿಷಯವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಶ್ರಾದ್ಧದ ಮೂರು ತಲೆಮಾರೇ ಇಲ್ಲಿಯೂ! ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತದೆ. ಉತ್ತರ ಕನ್ನಡದಲ್ಲಿ ಸಾವಿರಾರು ಅರ್ಜಿಗಳು ಈ ಪುರಾವೆಯಿಲ್ಲದೆ ಬಿದ್ದುಹೋಗಿವೆ. ಕಂದಾಯವನ್ನೇ ಕಟ್ಟಿಸಿಕೊಳ್ಳದ ನೆಲಕ್ಕೆ 1930ರ ಕಾಗದ ಎಲ್ಲಿಂದ ಬರಬೇಕು? ಸಾಕ್ಷ್ಯಗಳ ಪಟ್ಟಿಯಲ್ಲಿ ಜನಗಣತಿಯೂ ಇದೆ ಎಂಬುದು ವಿಚಿತ್ರ. ಹೆಸರಿರುವ ಹಾಳೆ ಉಳಿದಿಲ್ಲ, ಉಳಿದಿದ್ದರೂ ನೋಡುವ ಹಕ್ಕಿಲ್ಲ.

ಅದೇ ಪಟ್ಟಿಯಲ್ಲಿ ಇನ್ನೆರಡು ಸಂಗತಿಗಳಿವೆ. ಹಳೆಯ ದಾಖಲೆಯಲ್ಲಿ ಹೆಸರಿರುವ ಹಿರಿಯನವರೆಗೆ ಜೋಡಿಸಿದ ವಂಶಾವಳಿ ಒಂದು. ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿ ಬರೆಸಿದ ಮಾತು ಇನ್ನೊಂದು. ಅರ್ಜಿ ತಿರಸ್ಕಾರವಾದ ಮನೆಯವರು ಮೇಲ್ಮನವಿಗೆ ಮುನ್ನ ಈ ಎರಡನ್ನೂ ಸಿದ್ಧಮಾಡಿಕೊಳ್ಳಬಹುದು. 1930ರ ದಶಕವನ್ನು ಕಣ್ಣಾರೆ ಕಂಡು ನೆನಪಿಟ್ಟವರು ಈಗ ತೊಂಬತ್ತು ದಾಟಿದ್ದಾರೆ.