ಚೀನಾದಲ್ಲಿ ಮೇಷ್ಟ್ರ ಕೆಲಸ: ಹೋಗುವ ಮುನ್ನ ತಿಳಿಯಬೇಕಾದ್ದು

ವಿದೇಶ ಅಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಮೊದಲು ನೆನಪಾಗೋದು ಗಲ್ಫ್. ದುಬೈ, ದಮ್ಮಾಮ್, ಮಸ್ಕತ್ ಎಂಬ ಹೆಸರುಗಳು ನಮ್ಮ ಉಮ್ಮಂದಿರಿಗೆ ಪಕ್ಕದ ಊರಿನಷ್ಟೇ ಪರಿಚಯ. ಚೀನಾ ಹಾಗಲ್ಲ. ವ್ಯಾಪಾರದವರು ಗ್ವಾಂಗ್‌ಝೌಗೋ ಈವುಗೋ ಹೋಗಿ ಸಾಮಾನು ನೋಡಿ ವಾಪಸ್ ಬರುತ್ತಾರೆ, ಕೆಲವು ಮಕ್ಕಳು ಡಾಕ್ಟರ್ ಓದಲು ಹೋಗುತ್ತಾರೆ. ಅಲ್ಲಿ ಮನೆ ಮಾಡಿ, ಅಲ್ಲಿನ ಮಕ್ಕಳಿಗೆ ಪಾಠ ಹೇಳಿ ಸಂಬಳ ತರುವ ಕೆಲಸ ನಮ್ಮವರಿಗೆ ಹೊಸತು.

ಇಲ್ಲಿ ಬೋಗಾದಿಯಲ್ಲಿ ಮಾನಸಗಂಗೋತ್ರಿ ಹತ್ತಿರ. ಓದಿದ ಹುಡುಗರು ಬಹಳ. ಹಾಗಾಗಿ ಪೋಷಕರು ನಮ್ಮನ್ನು ಕೇಳುವುದಿದೆ: "ಉಸ್ತಾದ್, ಮಗನಿಗೆ ಚೀನಾದಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸ ಕೊಡಿಸ್ತೇವೆ ಅಂತಾರೆ. ಕಳಿಸಬಹುದಾ?" ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ ಇದು. ಅಲ್ಲಿ ಒಬ್ಬ ಹೊರಗಿನ ಮೇಷ್ಟ್ರ ದಿನ ಹೇಗೆ ಕಳೆಯುತ್ತದೆ ಎಂದು ಮೊದಲು ತಿಳಿದರೆ ಉತ್ತರ ನಮಗೇ ಸಿಗುತ್ತದೆ.

ಸೊಲ್ಲಾಪುರದ ಡಾಕ್ಟರ್ ಕಲಿತ ಪಾಠ

ನಮ್ಮ ಕಡೆಯಿಂದ ಚೀನಾಕ್ಕೆ ಹೋಗಿ ಪಾಠ ಹೇಳಿದವರಲ್ಲಿ ದೊಡ್ಡ ಹೆಸರು ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರದ್ದು. ಹುಟ್ಟಿದ್ದು 1910ರಲ್ಲಿ, ಸೊಲ್ಲಾಪುರದಲ್ಲಿ. ಅದು ಮಹಾರಾಷ್ಟ್ರದಲ್ಲಿದ್ದರೂ ನಮ್ಮ ಗಡಿಯ ಊರು, ಕನ್ನಡ ಮಾತಾಡುವವರು ಇಂದಿಗೂ ಬಹಳ. ಜಪಾನ್ ಚೀನಾದ ಮೇಲೆ ದಾಳಿ ಮಾಡಿದ್ದ ಸಮಯ. ಗಾಯಾಳುಗಳ ಚಿಕಿತ್ಸೆಗೆ ಕಾಂಗ್ರೆಸ್ ಐದು ಡಾಕ್ಟರುಗಳ ತಂಡ ಕಳಿಸಿತು. 1938ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಹೊರಟ ಹಡಗಿನಲ್ಲಿ ಕೋಟ್ನಿಸ್ ಇದ್ದರು.

ಅವರನ್ನು ಡಾಕ್ಟರ್ ಎಂದೇ ನಾವು ಬಲ್ಲೆವು. ಆದರೆ ಅಲ್ಲಿ ಅವರು ಮೇಷ್ಟ್ರೂ ಆಗಿದ್ದರು. ಕೆನಡಾದ ಡಾಕ್ಟರ್ ನಾರ್ಮನ್ ಬೆಥೂನ್ 1939ರಲ್ಲಿ ತೀರಿಕೊಂಡ ಮೇಲೆ ಉತ್ತರ ಚೀನಾದ ಗುಡ್ಡಗಾಡಿನಲ್ಲಿ ಅವರ ಹೆಸರಿನ ಆಸ್ಪತ್ರೆ, ವೈದ್ಯ ಶಾಲೆ ನಡೆಯುತ್ತಿದ್ದವು. 1941ರಲ್ಲಿ ಆ ಆಸ್ಪತ್ರೆಯ ಹೊಣೆ ಕೋಟ್ನಿಸ್ ಅವರಿಗೆ ಬಂತು. ಹಳ್ಳಿಯ ಹುಡುಗರಿಗೆ ಶಸ್ತ್ರಚಿಕಿತ್ಸೆ ಕಲಿಸಬೇಕು, ಅವರಿಗೆ ಇಂಗ್ಲಿಷ್ ಬಾರದು. ಕೋಟ್ನಿಸ್ ದುಭಾಷಿಯನ್ನು ನಂಬಿ ಕೂರಲಿಲ್ಲ, ಚೀನಿ ಭಾಷೆ ಕಲಿತರು. ಮಾತಷ್ಟೇ ಅಲ್ಲ, ಓದು ಬರಹ ಕೂಡ. ಅದರಲ್ಲೇ ಪಾಠ ಮಾಡಿದರು, ವಿದ್ಯಾರ್ಥಿಗಳಿಗಾಗಿ ಪಾಠ ಪುಸ್ತಕ ಬರೆಯಲು ಕೂತರು.

ಊಟಕ್ಕೆ ಅಲ್ಲಿ ನವಣೆ. ಬಟ್ಟೆ ಅಲ್ಲಿನ ಸಿಪಾಯಿಗಳದ್ದೇ. ಹೆಸರು ಕೂಡ ಬದಲಾಯಿತು, ಚೀನಿಯರ ಬಾಯಲ್ಲಿ ಅವರು 'ಕೆ ದಿಹ್ವಾ'. ಕೊನೆಯ 'ಹ್ವಾ' ಅಂದರೆ ಚೀನಾ. ಅದೇ ಶಾಲೆಯ ನರ್ಸಿಂಗ್ ಶಿಕ್ಷಕಿ ಗುವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮಗನಿಗೆ ಇಟ್ಟ ಹೆಸರು 'ಯಿನ್‌ಹ್ವಾ'. ಯಿನ್ ಅಂದರೆ ಭಾರತ, ಹ್ವಾ ಅಂದರೆ ಚೀನಾ. 1942ರ ಡಿಸೆಂಬರ್ 9ರಂದು ಕೋಟ್ನಿಸ್ ತೀರಿಕೊಂಡಾಗ ವಯಸ್ಸು 32. ಮಗು ಇನ್ನೂ ಹಾಲು ಕುಡಿಯುವ ಕೂಸು. ಇಂದಿಗೂ ಷಿಜಿಯಾಝ್ವಾಂಗ್ ನಗರದಲ್ಲಿ ಅವರ ಸ್ಮಾರಕ ಇದೆ.

ಹೊರಗಿನ ಊರಲ್ಲಿ ಕಲಿಸಲು ಹೋದವನು ಮೊದಲು ತಾನೇ ಕಲಿಯಲು ಕೂರಬೇಕು. ಕೋಟ್ನಿಸ್ ಅವರ ಬದುಕಿನಿಂದ ನಾವು ತೆಗೆದುಕೊಳ್ಳಬೇಕಾದ್ದು ಇದು.

ಮೈಸೂರಿನ ವಿದ್ಯೆಯೂ ಹೋಗಿದೆ

ಮೈಸೂರಿಗೂ ಇದರಲ್ಲಿ ಪಾಲಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಹುಡುಗರಾಗಿದ್ದಾಗ ಇಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. 2011ರಲ್ಲಿ, ತಮ್ಮ 92ನೇ ವಯಸ್ಸಿನಲ್ಲಿ, ಗ್ವಾಂಗ್‌ಝೌಗೆ ಹೋಗಿ ಚೀನಿಯರಿಗೆ ಪಾಠ ಹೇಳಿ ಬಂದರು. 2015ರಲ್ಲಿ ಕುನ್‌ಮಿಂಗ್‌ನ ಯುನ್ನಾನ್ ಮಿನ್‌ಝೂ ವಿಶ್ವವಿದ್ಯಾಲಯದಲ್ಲಿ ಭಾರತ-ಚೀನಾ ಯೋಗ ಕಾಲೇಜೇ ಶುರುವಾಯಿತು. ಇಂದು ಚೀನಾದ ನಗರಗಳಲ್ಲಿ ಭಾರತದ ಶಿಕ್ಷಕರು ಅಂದರೆ ಹೆಚ್ಚಿನವರು ಯೋಗದವರೇ.

ತರಗತಿಯ ಒಳಗೆ

ಚೀನಾದಲ್ಲಿ ಮೇಷ್ಟ್ರಿಗೆ 'ಲಾವ್‌ಶಿ' ಅನ್ನುತ್ತಾರೆ. ನಮ್ಮಲ್ಲಿ ಹೆಸರಿನ ಜೊತೆ ಉಸ್ತಾದ್ ಸೇರಿಸುವ ಹಾಗೆ ಅಲ್ಲಿ ಮನೆತನದ ಹೆಸರಿನ ಮುಂದೆ ಲಾವ್‌ಶಿ. ಗೌರವ ಇದೆ. 1985ರಿಂದ ಸೆಪ್ಟೆಂಬರ್ 10 ಅಲ್ಲಿ ಶಿಕ್ಷಕರ ದಿನ, ನಮ್ಮದಕ್ಕಿಂತ ಐದು ದಿನ ಆಚೆ.

ಒಂದು ತರಗತಿಯಲ್ಲಿ ನಲ್ವತ್ತು ಐವತ್ತು ಮಕ್ಕಳಿರೋದು ಸಾಮಾನ್ಯ. ಪಾಠದ ನಡುವೆ ಸ್ಪೀಕರಿನಲ್ಲಿ ಸಂಗೀತ ಬರುತ್ತದೆ, ಮಕ್ಕಳೆಲ್ಲ ಕಣ್ಣು ಮುಚ್ಚಿ ಕಣ್ಣಿನ ಸುತ್ತ ಒತ್ತಿಕೊಳ್ಳುತ್ತಾರೆ. ಕನ್ನಡಕ ಬಾರದಿರಲಿ ಎಂದು 1960ರ ದಶಕದಿಂದ ನಡೆದು ಬಂದ ಕಸರತ್ತು ಅದು. ಮಧ್ಯಾಹ್ನ ಊಟವಾದ ಮೇಲೆ ಅನೇಕ ಶಾಲೆಗಳಲ್ಲಿ ಮೇಜಿನ ಮೇಲೆ ತಲೆ ಇಟ್ಟು ನಿದ್ದೆ. ಕುಡಿಯಲು ಬಿಸಿನೀರು, ಬೇಸಿಗೆಯಲ್ಲೂ. ಹೊಸಬರಿಗೆ ಇದೆಲ್ಲ ವಿಚಿತ್ರ, ಒಂದು ತಿಂಗಳಲ್ಲಿ ಅಭ್ಯಾಸ.

ಕಷ್ಟ ಭಾಷೆಯದ್ದು. ಚೀನಿಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲು. 'ಮಾ' ಅನ್ನುವ ಒಂದೇ ಶಬ್ದ ನಾಲ್ಕು ರಾಗದಲ್ಲಿ ನಾಲ್ಕು ಅರ್ಥ: ತಾಯಿ, ನಾರಿನ ಗಿಡ, ಕುದುರೆ, ಬೈಯುವುದು. ನಮ್ಮ ವ್ಯಾಪಾರಿಗಳು ಕೇಳಿದರೆ ನಗುವ ಇನ್ನೊಂದು ಇದೆ. 'ಮೈ' ಅನ್ನುವುದನ್ನು ತಗ್ಗಿಸಿ ಎತ್ತಿದರೆ ಕೊಳ್ಳುವುದು, ಮೇಲಿನಿಂದ ಕೆಳಗೆ ಒಗೆದರೆ ಮಾರುವುದು! ತಜ್ವೀದ್ ಕಲಿತ ಮಕ್ಕಳಿಗೆ ಗೊತ್ತು, ಅಕ್ಷರ ಹೊರಡುವ ಜಾಗ ತಪ್ಪಿದರೆ ಅರ್ಥ ಎಲ್ಲಿಗೆ ಹೋಗುತ್ತದೆ ಅಂತ. ಅದೇ ತಾಳ್ಮೆ ಇಲ್ಲೂ ಬೇಕು.

ಹಲಾಲ್ ಊಟ, ನಮಾಝಿನ ಸಮಯ

ಮನೆಯವರ ಮೊದಲ ಚಿಂತೆ ಊಟ. ಹೆದರಬೇಕಾಗಿಲ್ಲ, ಎಚ್ಚರ ಬೇಕು. ಚೀನಾದಲ್ಲಿ ಹುಯ್ ಜನಾಂಗದ ಮುಸ್ಲಿಮರೇ ಒಂದು ಕೋಟಿಗೂ ಹೆಚ್ಚು. ಅವರ ಕೈಯ ಲಾನ್‌ಝೌ ದನದ ಮಾಂಸದ ನೂಡಲ್ಸ್ ಅಂಗಡಿ ಬಹುತೇಕ ಎಲ್ಲ ನಗರಗಳಲ್ಲಿ ಸಿಗುತ್ತದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಬೇರೆಯೇ ಹಲಾಲ್ ಕ್ಯಾಂಟೀನ್ ಇದೆ. ಹಲಾಲ್‌ಗೆ ಅಲ್ಲಿ 'ಚಿಂಗ್‌ಝೆನ್' ಅನ್ನುತ್ತಾರೆ, ಶುದ್ಧ ಮತ್ತು ಸತ್ಯ ಎಂದು ಅರ್ಥ. ಇತ್ತೀಚಿನ ವರ್ಷಗಳಲ್ಲಿ ಹಲವು ಕಡೆ ಬೋರ್ಡುಗಳಿಂದ ಅರಬಿ ಅಕ್ಷರ ತೆಗೆಸಿದ್ದಾರೆ. ಹಾಗಾಗಿ 'ಚಿಂಗ್‌ಝೆನ್' ಎಂಬ ಎರಡು ಚೀನಿ ಅಕ್ಷರಗಳನ್ನು ಕಣ್ಣಿಗೆ ಗುರುತು ಮಾಡಿಕೊಂಡೇ ಹೋಗಬೇಕು.

ಇನ್ನೊಂದು ಮಾತು. ಅಲ್ಲಿ 'ರೌ' ಅಂದರೆ ಮಾಂಸ, ಆದರೆ ಸಾಮಾನ್ಯ ಹೋಟೆಲಿನಲ್ಲಿ ಬರೀ 'ರೌ' ಅಂದರೆ ಹಂದಿ ಮಾಂಸ ಎಂದೇ ತಿಳಿಯುತ್ತಾರೆ. ದನದ್ದಕ್ಕೆ 'ನಿಯುರೌ', ಕುರಿಯದ್ದಕ್ಕೆ 'ಯಾಂಗ್‌ರೌ'. ಸಸ್ಯಾಹಾರ ಅಂದುಕೊಂಡ ಪಲ್ಯವನ್ನೂ ಹಂದಿಯ ಕೊಬ್ಬಿನಲ್ಲಿ ಹುರಿದಿರಬಹುದು. ಕೇಳದೆ ತಿನ್ನಬಾರದು.

ಇಡೀ ಚೀನಾಕ್ಕೆ ಒಂದೇ ಗಡಿಯಾರ, ನಮಗಿಂತ ಎರಡೂವರೆ ಗಂಟೆ ಮುಂದೆ. ದೇಶ ಅಷ್ಟು ಅಗಲವಾದ್ದರಿಂದ ಪಶ್ಚಿಮದ ಉರುಮ್ಚಿಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಎರಡು ದಾಟಿರುತ್ತದೆ. ಝುಹರ್ ಅದರ ಮೇಲೆಯೇ. ಗ್ವಾಂಗ್‌ಝೌ, ಶಿಯಾನ್, ಚುವಾನ್‌ಝೌ ನಗರಗಳಲ್ಲಿ ನೂರಾರು ವರ್ಷ ಹಳೆಯ ಮಸೀದಿಗಳಿವೆ. ಆದರೆ ವಿದೇಶಿಗಳು ಅಲ್ಲಿ ಧರ್ಮ ಪ್ರಚಾರ ಮಾಡುವಂತಿಲ್ಲ. ತರಗತಿಯಲ್ಲಂತೂ ಆ ವಿಷಯ ಎತ್ತಲೇಬಾರದು.

ಮನೆಯಲ್ಲಿರುವ ಉಮ್ಮಂದಿರಿಗೂ ಒಂದು ಸೂಚನೆ. ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್ ಅಲ್ಲಿ ನಡೆಯುವುದಿಲ್ಲ. ಮಾತಿಗೂ, ದುಡ್ಡು ಕೊಡಲಿಕ್ಕೂ ಅಲ್ಲಿನವರು ವಿಚಾಟ್ ಬಳಸುತ್ತಾರೆ. ಮಗ ಎರಡು ದಿನ ವಾಟ್ಸ್‌ಆ್ಯಪ್‌ಗೆ ಸಿಗಲಿಲ್ಲ ಎಂದು ಗಾಬರಿಯಾಗುವ ಬದಲು ಸಂಪರ್ಕದ ದಾರಿ ಯಾವುದೆಂದು ಹೊರಡುವ ಮುನ್ನವೇ ಗೊತ್ತು ಮಾಡಿಕೊಳ್ಳಬೇಕು.

ಕಾಗದ ಸರಿ ಇದೆಯಾ?

ಎಲ್ಲಕ್ಕಿಂತ ಮುಖ್ಯ ಇದು. ಚೀನಾದಲ್ಲಿ ಸಂಬಳಕ್ಕೆ ಕೆಲಸ ಮಾಡಲು 'ಝಡ್' ವೀಸಾ ಬೇಕು. ಇಳಿದ ಮೇಲೆ ಹೋಟೆಲ್ ಬಿಟ್ಟು ಬೇರೆ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು.

"ಈಗ ಬಿಸಿನೆಸ್ ವೀಸಾದಲ್ಲಿ ಹೋಗಲಿ, ಅಲ್ಲಿ ಹೋದ ಮೇಲೆ ಬದಲಾಯಿಸಿ ಕೊಡ್ತೇವೆ" ಎಂದು ಏಜೆಂಟ್ ಹೇಳಿದರೆ ಅಲ್ಲಿಗೇ ನಿಲ್ಲಿಸಿ. 2013ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಕೆಲಸದ ಪರವಾನಗಿ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದವರಿಗೆ 5,000ದಿಂದ 20,000 ಯುವಾನ್ ದಂಡ. ಗಂಭೀರವಾದರೆ 5ರಿಂದ 15 ದಿನ ಬಂಧನವೂ ಇದೆ. ಆಮೇಲೆ ವಾಪಸ್ ವಿಮಾನ. ದಂಡ ಕಟ್ಟುವವನು ಹುಡುಗ, ಏಜೆಂಟ್ ಅಲ್ಲ.

ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಇನ್ನೊಂದು ತೊಡಕಿದೆ. ಭಾಷಾ ಶಿಕ್ಷಕರು ಸಾಮಾನ್ಯವಾಗಿ ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು, ಪದವಿಯೂ ಇರಬೇಕು ಎಂಬುದು ಅಲ್ಲಿನ ನಿಯಮ. ಬ್ರಿಟನ್, ಅಮೆರಿಕದಂಥ ದೇಶಗಳ ಪಾಸ್‌ಪೋರ್ಟಿನವರಿಗೆ ಸುಲಭ, ನಮ್ಮವರಿಗೆ ಕಷ್ಟ. ಅದರ ಮೇಲೆ 2021ರ ಜುಲೈಯಲ್ಲಿ ಸರಕಾರ ಲಾಭಕ್ಕಾಗಿ ನಡೆಸುವ ಟ್ಯೂಷನ್‌ಗೆ ಕಡಿವಾಣ ಹಾಕಿತು. ಎಷ್ಟೋ ಕೋಚಿಂಗ್ ಸೆಂಟರುಗಳು ಮುಚ್ಚಿಹೋದವು, ಅಲ್ಲಿದ್ದ ವಿದೇಶಿ ಶಿಕ್ಷಕರೂ ಕೆಲಸ ಕಳೆದುಕೊಂಡರು. ಹಾಗಾಗಿ ಕೆಲಸ ಕೊಡುವ ಸಂಸ್ಥೆಗೆ ವಿದೇಶಿಗಳನ್ನು ಇಟ್ಟುಕೊಳ್ಳುವ ಅನುಮತಿ ಇದೆಯಾ, ಪರವಾನಗಿಯಲ್ಲಿ ಬರೆದ ಕೆಲಸವೂ ಮಾಡಿಸುವ ಕೆಲಸವೂ ಒಂದೇನಾ ಎಂದು ವಿಚಾರಿಸದೆ ಚಿನ್ನ ಅಡವಿಡಬಾರದು.

ಇಬ್ನ್ ಬತೂತ ಕಂಡ ಗುರುಗಳು

ಕರಾವಳಿಗೂ ಚೀನಾಕ್ಕೂ ನಂಟು ಹಳೆಯದು. 1342ರಲ್ಲಿ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ದೂತನಾಗಿ ಚೀನಾಕ್ಕೆಂದು ಹೊರಟ ಇಬ್ನ್ ಬತೂತ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರು ದಾಟಿಯೇ ಹೋದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಬರೆದಿದ್ದಾನೆ. ಮಂಗಳೂರಿನ ಖಾಝಿ ಬದ್ರುದ್ದೀನ್ ಪಾಠವನ್ನೂ ಹೇಳುತ್ತಿದ್ದರು. ಅವರು ಮಂಗಳೂರಿನವರಲ್ಲ, ತಮಿಳು ಕರಾವಳಿಯ ಮಅಬರ್‌ನವರು.

ಮುಂದೆ ಏಳಿಮಲೆಯ ಮಸೀದಿಯಲ್ಲಿ ಅವನಿಗೆ ಸಿಕ್ಕವರು ಸಈದ್ ಎಂಬ ವಿದ್ವಾಂಸ. ಊರು ಆಫ್ರಿಕಾದ ಮೊಗದಿಶು. ಮಕ್ಕಾದಲ್ಲಿ 14 ವರ್ಷ, ಮದೀನಾದಲ್ಲಿ ಅಷ್ಟೇ ವರ್ಷ ಇದ್ದು, ಚೀನಾದವರೆಗೂ ತಿರುಗಿ ಬಂದವರು. ಆ ಮಸೀದಿಯ ಖಜಾನೆಯಿಂದ ಕಲಿಯುವ ಮಕ್ಕಳಿಗೆ ಭತ್ಯೆ ಸಿಗುತ್ತಿತ್ತು, ದಾರಿಹೋಕರಿಗೂ ಬಡವರಿಗೂ ಅಲ್ಲೇ ಅಡುಗೆಮನೆ ಇತ್ತು.

ಚೀನಾ ತಲುಪಿದ ಮೇಲೆ ಇಬ್ನ್ ಬತೂತನಿಗೆ ಒಂಟಿತನ ಕಾಡಿತು. ಮುಸ್ಲಿಮರು ಸಿಕ್ಕರೆ ಮನೆಯವರೇ ಸಿಕ್ಕ ಹಾಗಾಗುತ್ತಿತ್ತು ಎನ್ನುತ್ತಾನೆ. ತನ್ನ ಮೊರೊಕ್ಕೊ ಕಡೆಯ ಸಬ್ತಾ ಊರಿನ ಒಬ್ಬ ಆಲಿಂ ಅಲ್ಲಿ ಎದುರಾದಾಗ ಇಬ್ಬರಿಗೂ ಕಣ್ಣೀರು ಬಂತು.

ಪರವೂರಿನ ಗುರುವಿನ ಆ ಒಂಟಿತನ ನೋಡಲು ಚೀನಾಕ್ಕೇ ಹೋಗಬೇಕೆಂದಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಕಲಿಸುವ ಉಸ್ತಾದರು ಬಹಳ ಮಂದಿ ಹೊರಗಿನವರು. ಕೇರಳದವರು, ಬಿಹಾರದವರು, ಉತ್ತರ ಪ್ರದೇಶದವರು ಇದ್ದಾರೆ. ಕರಾವಳಿಯಿಂದ ಮೈಸೂರಿಗೆ ಬಂದವರಿಗೂ ಇಲ್ಲಿನ ಉರ್ದು ಮನೆಮಾತು ಹೊಸತೇ. ಹೆಂಡತಿ ಮಕ್ಕಳು ಊರಲ್ಲಿ, ಇವರು ಮಸೀದಿಯ ಪಕ್ಕದ ಕೋಣೆಯಲ್ಲಿ. ಊಟ ಇವತ್ತು ಒಬ್ಬರ ಮನೆಯದ್ದು, ನಾಳೆ ಇನ್ನೊಬ್ಬರದ್ದು.

ಮಗ ಚೀನಾದಲ್ಲಿ ಮೇಷ್ಟ್ರಾದರೆ ಸಂಬಳ ತಾರೀಖಿಗೆ ಸರಿಯಾಗಿ ಬರಲಿ, ಕೋಣೆಗೆ ಗಾಳಿ ಬೆಳಕು ಇರಲಿ, ಊಟ ಹೊತ್ತಿಗೆ ಸಿಗಲಿ, ಉಮ್ಮನನ್ನು ನೋಡಿ ಬರಲು ರಜೆ ಕೊಡಲಿ ಎಂದು ದುಆ ಮಾಡುತ್ತೇವೆ ಅಲ್ವಾ? ಮಗನನ್ನು ಕಳಿಸುವುದಾದರೆ ಕಾಗದ ನೋಡಿ ಕಳಿಸೋಣ. ಅದರ ಜೊತೆಗೆ ನಮ್ಮ ಮದ್ರಸಕ್ಕೆ ಪರವೂರಿನಿಂದ ಬಂದ ಉಸ್ತಾದರಿಗೆ ಆ ನಾಲ್ಕೂ ಸಿಗುತ್ತಿವೆಯಾ ಎಂದು ಮುಂದಿನ ಜಮಾಅತ್ ಸಭೆಯಲ್ಲಿ ಒಮ್ಮೆ ಕೇಳೋಣ.