ಪೆಟ್ಟಾದ ಕಾಲಿಗೆ ನಿಂತಲ್ಲೇ ಸೈಕಲ್

ಮೊಣಕಾಲಿನ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದವರಿಗೆ ಫಿಸಿಯೋಥೆರಪಿಯವರು ಬೇಗ ಕೊಡುವ ವ್ಯಾಯಾಮಗಳಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಒಂದು. ಈ ಯಂತ್ರ ಜಿಮ್‌ಗಳ ಕಾಲದ್ದೇನಲ್ಲ. ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ 1796ರಲ್ಲೇ ಕೈಕಾಲು ಆಡಿಸುವ ‘ಜಿಮ್ನಾಸ್ಟಿಕಾನ್’ ರೂಪಿಸಿದ್ದ. ಆಗಿನ್ನೂ ರಸ್ತೆಯ ಸೈಕಲ್ಲೇ ಹುಟ್ಟಿರಲಿಲ್ಲ. ಮುಂದೆ ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್ 1913ರಲ್ಲಿ ತುಳಿತದ ಶ್ರಮವನ್ನು ಕರಾರುವಾಕ್ಕಾಗಿ ಅಳೆಯುವ ಸೈಕಲ್ಲನ್ನು ವಿವರಿಸಿದರು. ಇಂದಿನ ಯಂತ್ರದ ಪರದೆ ತೋರಿಸುವ ವ್ಯಾಟ್ ಲೆಕ್ಕ ಅದೇ ದಾರಿಯಲ್ಲಿ ಬಂದದ್ದು.

ಪೆಟ್ಟು ಬೀಳುವುದು ಮೊಣಕಾಲಿಗೆ, ಸೊರಗುವುದು ಮಾತ್ರ ಇಡೀ ಮೈ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸಿದಾಗ, ಆಮ್ಲಜನಕ ಬಳಸುವ ಅವರ ಗರಿಷ್ಠ ಶಕ್ತಿ ಕಾಲುಭಾಗಕ್ಕೂ ಹೆಚ್ಚು ಕುಸಿದಿತ್ತು. ಆಮೇಲಿನ ಎಂಟು ವಾರಗಳ ತಾಲೀಮಿನಲ್ಲಿ ಅದು ಮರಳಿತು. ಕಾಲು ಕಟ್ಟಿಸಿಕೊಂಡು ಕೂತವರಿಗೆ ಇದರಲ್ಲಿ ಹೆದರಿಕೆಯೂ ಇದೆ, ಧೈರ್ಯವೂ ಇದೆ.

ಮೊಣಕಾಲಿಗೆ ಸೈಕಲ್ ಒಗ್ಗುವುದಕ್ಕೆ ಕಾರಣ ಸರಳ. ನಡೆಯುವಾಗ ಹೆಜ್ಜೆ ಹೆಜ್ಜೆಗೂ ಮೈಭಾರದ ಎರಡು-ಎರಡೂವರೆ ಪಟ್ಟು ಒತ್ತಡ ಕೀಲಿನ ಮೇಲೆ ಬೀಳುತ್ತದೆ. ಹಗುರಾಗಿ ಸೈಕಲ್ ತುಳಿಯುವಾಗ ಸೀಟೇ ಮೈಭಾರ ಹೊರುವುದರಿಂದ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಪೆಡಲ್ ಒಂದು ಪೂರ್ತಿ ಸುತ್ತು ಬರಬೇಕಾದರೆ ಮೊಣಕಾಲು ಹೆಚ್ಚುಕಡಿಮೆ 105ರಿಂದ 110 ಡಿಗ್ರಿ ಮಡಿಯಬೇಕು. ಅಷ್ಟು ಮಡಿಯದವರು ಮೊದಮೊದಲು ಪೆಡಲನ್ನು ಹಿಂದೆ ಮುಂದೆ ತೂಗಾಡಿಸುತ್ತಾರೆ, ಅಷ್ಟೇ. ಸೀಟು ತುಸು ಎತ್ತರಿಸಿದರೆ ಮಡಿಕೆ ಕಡಿಮೆ ಸಾಕಾಗುತ್ತದೆ. ನೋವು ಕಳೆದ ಮೇಲೆ ಪೆಡಲ್ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರುವಂತೆ ಸೀಟನ್ನು ಹೊಂದಿಸಿಕೊಳ್ಳಬೇಕು. ತೀರ ತಗ್ಗಿಸಿದರೆ ಮೊಣಕಾಲ ಚಿಪ್ಪಿನ ಸುತ್ತ ನೋವು. ತೀರ ಎತ್ತರಿಸಿದರೆ ಸೊಂಟ ಎಡಬಲ ವಾಲುತ್ತದೆ. ಬಹುತೇಕ ದೂರುಗಳ ಮೂಲ ಯಂತ್ರದಲ್ಲಲ್ಲ, ಸೀಟಿನ ಎತ್ತರದಲ್ಲಿ.

ಹುಬ್ಬಳ್ಳಿ-ಧಾರವಾಡದಂಥ ಊರಲ್ಲಿ ಒಳಾಂಗಣದ ಸೈಕಲ್ಲಿಗೆ ಇನ್ನೊಂದು ಸಮರ್ಥನೆ ಇದೆ. ಧಾರವಾಡದ ಓಣಿಗಳು ಏರುತಗ್ಗಿನವು. ಮಳೆಗಾಲದಲ್ಲಿ ದಿನಗಟ್ಟಲೆ ಹಿಡಿದ ಜಿಟಿಜಿಟಿ ಮಳೆ ಬಿಡುವುದಿಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ಆಟೋ, ಬೈಕುಗಳ ನಡುವೆ ಗಕ್ಕನೆ ಕಾಲೂರಬೇಕಾದ ಪ್ರಸಂಗ ಹೊತ್ತುಹೊತ್ತಿಗೂ ಬರುತ್ತದೆ. ಹೊಸ ಲಿಗಮೆಂಟಿಗೆ ಹಾಗೆ ತಟ್ಟನೆ ಊರಿ ತಿರುಚಿಕೊಳ್ಳುವುದೇ ದೊಡ್ಡ ಅಪಾಯ. ಮಾರ್ಗದರ್ಶನಕ್ಕೇನೂ ಕೊರತೆಯಿಲ್ಲ: 1957ರಲ್ಲಿ ಆರಂಭವಾದ, ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ವೈದ್ಯಕೀಯ ಸಂಸ್ಥೆ ಹುಬ್ಬಳ್ಳಿಯಲ್ಲಿದೆ, ಧಾರವಾಡದ ಸತ್ತೂರಿನ ಎಸ್‌ಡಿಎಂ ಆವರಣದಲ್ಲಿ ಫಿಸಿಯೋಥೆರಪಿಯದೇ ಕಾಲೇಜಿದೆ.

ಮೊದಲ ದಿನಗಳಲ್ಲಿ ಬಿಗಿ ಇಲ್ಲದೆ ಐದು-ಹತ್ತು ನಿಮಿಷ ತುಳಿದರೆ ಸಾಕು. ಮರುದಿನ ಮೊಣಕಾಲು ಬಾತಿರದಿದ್ದರೆ ಹೊತ್ತು ಹೆಚ್ಚಿಸಬಹುದು, ಆಮೇಲಷ್ಟೇ ಬಿಗಿ. ತುಳಿಯುತ್ತಲೇ ಮಾತಾಡಲು ಆಗುವಷ್ಟು ಉಸಿರು ಉಳಿದಿರಬೇಕು. ಕೋಣೆಯೊಳಗೆ ಎದುರುಗಾಳಿ ಇರುವುದಿಲ್ಲವಾಗಿ ಮೈ ಬೇಗ ಕಾಯುತ್ತದೆ, ಬೆವರು ಧಾರೆಯಾಗಿ ಇಳಿಯುತ್ತದೆ; ಎದುರಿಗೊಂದು ಫ್ಯಾನು, ಪಕ್ಕದಲ್ಲಿ ನೀರು ಬೇಕೇ ಬೇಕು. ಗುಂಪಾಗಿ ಹಾಡಿನ ತಾಳಕ್ಕೆ ತುಳಿಸುವ ಸ್ಪಿನ್ನಿಂಗ್ ತರಗತಿಗಳು ಹುರುಪಿನವು ನಿಜ, ಆದರೆ ಪಕ್ಕದವರ ವೇಗ ನೋಡಿ ತುಳಿಯುವ ಚಟ ಪೆಟ್ಟು ತಿಂದ ಕಾಲಿಗೆ ಒಳ್ಳೆಯದಲ್ಲ.

ಇಲ್ಲಿ ಮೋಸ ಮಾಡುವುದು ಉಸಿರು. ಎದೆ ಮತ್ತು ಶ್ವಾಸ ಕೆಲವೇ ವಾರಗಳಲ್ಲಿ ಹುರುಪು ತೋರುತ್ತವೆ; ಜೋಡಿಸಿದ ತಂತು ಮಾತ್ರ ಮೊದಲ ತಿಂಗಳುಗಳಲ್ಲಿ ಬಲ ಕುಂದಿ, ಆಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕಬಡ್ಡಿ, ಕುಸ್ತಿ, ಫುಟ್‌ಬಾಲ್‌ಗಳಿಗೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಕಾಯಿಸುತ್ತಾರೆ. ಸೈಕಲ್ ಎಲ್ಲವನ್ನೂ ಕೊಡುವುದಿಲ್ಲ: ಅದು ತೊಡೆಯ ಸ್ನಾಯುವನ್ನು ತುಂಬಿಸುತ್ತದೆ, ಸಮತೋಲ ಕಲಿಸುವುದಿಲ್ಲ, ಎಲುಬಿಗೆ ನಡಿಗೆಯಷ್ಟು ಕೆಲಸ ಕೊಡುವುದಿಲ್ಲ. ಎರಡು ಪೆಡಲ್ ಒಂದಕ್ಕೊಂದು ಜೋಡಿಯಾಗಿರುವುದರಿಂದ ಗಟ್ಟಿ ಕಾಲು ಸದ್ದಿಲ್ಲದೆ ಸೋತ ಕಾಲಿನ ಪಾಲನ್ನೂ ತುಳಿದುಬಿಡುತ್ತದೆ. ಹಾಗಾಗಿ ಒಂಟಿಕಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿಳಿಯುವುದು, ಸಮತಟ್ಟು ದಾರಿಯ ನಡಿಗೆ ಜೊತೆಜೊತೆಗೇ ಸಾಗಬೇಕು. ಎರಡೂ ತೊಡೆಗಳ ಬಲವನ್ನು ಫಿಸಿಯೋಥೆರಪಿಯವರು ಅಳೆದು ಸರಿಸುಮಾರು ಸಮ ಎಂದ ಮೇಲೆ ರಸ್ತೆಯ ಸೈಕಲ್ ಹೊರತೆಗೆಯಬಹುದು, ಅದೂ ವಾಹನ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ.