ಮೊಲೊಕಾಯಿಯ ಡೇಮಿಯನ್

ಕ್ರೈಸ್ತರು ಸಂತರೆಂದು ಗೌರವಿಸುವ ಮಹನೀಯರು ಹಲವರು. ಹಕ್ಕಿಗಳಿಗೂ ಧರ್ಮವನ್ನು ಬೋಧಿಸಿದರೆಂಬ ಅಸ್ಸಿಸಿಯ ಫ್ರಾನ್ಸಿಸ್ ಕೆಲವರಿಗೆ ಪ್ರಿಯರು; ಕಳೆದುಹೋದ ವಸ್ತುವನ್ನು ದೊರಕಿಸಿಕೊಡುವರೆಂದು ಸಂತ ಅಂತೋಣಿಯವರಿಗೆ ಹರಕೆ ಹೊರುವವರು ಅನೇಕರು. ಆದರೆ ಪವಾಡವನ್ನು ನಂಬದವರೂ ತಲೆಬಾಗುವ ಸಂತರು ವಿರಳ. ಫಾದರ್ ಡೇಮಿಯನ್ ಅಂತಹವರಲ್ಲೊಬ್ಬರು.

ಅವರು 1840ರಲ್ಲಿ ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ಜನಿಸಿದರು. ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದ ಅಣ್ಣ ಕಾಯಿಲೆ ಬಿದ್ದಾಗ, ಆ ಸ್ಥಾನವನ್ನು ತಾವೇ ಕೇಳಿ ಪಡೆದು ಹಡಗು ಹತ್ತಿದರು. 1864ರಲ್ಲಿ ಹೊನೊಲುಲುವನ್ನು ಸೇರಿದರು.

ಆಗ ಹವಾಯಿಯಲ್ಲಿ ಕುಷ್ಠರೋಗ ಹಬ್ಬುತ್ತಿತ್ತು. ಮದ್ದಿಲ್ಲದ ಆ ರೋಗಕ್ಕೆ ಹೆದರಿ, ಸರಕಾರವು 1866ರಿಂದ ರೋಗಿಗಳನ್ನು ಮೊಲೊಕಾಯಿ ದ್ವೀಪದ ಒಂದು ಅಂಚಿಗೆ ಸಾಗಿಸತೊಡಗಿತು. ಅಲ್ಲಿ ಮೂರು ಕಡೆ ಕಡಲು, ಒಂದು ಕಡೆ ಗೋಡೆಯಂತೆ ಕಡಿದಾದ ಬೆಟ್ಟ. ಹೋದವರು ಹಿಂದಿರುಗುವ ಮಾತೇ ಇರಲಿಲ್ಲ. ಗಂಡನನ್ನು ಹೆಂಡತಿ, ತಾಯಿಯನ್ನು ಮಗು ಅಗಲಬೇಕಾಯಿತು.

ನಾಲ್ವರು ಪಾದ್ರಿಗಳು ಸರದಿಯಂತೆ ಅಲ್ಲಿಗೆ ಹೋಗಿಬರಲೆಂದು ಬಿಷಪ್ಪರು ಯೋಚಿಸಿದ್ದರು. 1873ರ ಮೇ ತಿಂಗಳಲ್ಲಿ ಮೊದಲ ಸರದಿಗೆ ಹೋದ ಡೇಮಿಯನ್ನರು ಅಲ್ಲಿಯೇ ನೆಲೆಸಲು ಅನುಮತಿ ಬೇಡಿದರು. ಮೊದಲ ರಾತ್ರಿಗಳನ್ನು ಒಂದು ಮರದಡಿಯಲ್ಲಿ ಕಳೆದರು. ಬಳಿಕ ನೀರಿಗೆ ಕೊಳವೆ ಹಾಕಿಸಿದರು, ಮನೆಗಳನ್ನು ಕಟ್ಟಿದರು, ವ್ರಣಗಳನ್ನು ತೊಳೆದು ಪಟ್ಟಿ ಕಟ್ಟಿದರು, ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. ಸತ್ತವರಿಗೆ ಶವಪೆಟ್ಟಿಗೆಯನ್ನು ಮಾಡಿ, ಗುಂಡಿ ತೋಡಿದವರೂ ಅವರೇ.

ಇವೆಲ್ಲವೂ ದೊಡ್ಡ ಕೆಲಸಗಳೇ. ಆದರೆ ರೋಗಿಗಳ ಮನಸ್ಸನ್ನು ಗೆದ್ದುದು ಇನ್ನೊಂದು. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಅರೆದ 'ಪೊಯಿ' ಅಲ್ಲಿಯವರ ಆಹಾರ. ಎಲ್ಲರೂ ಒಂದೇ ಪಾತ್ರೆಗೆ ಬೆರಳು ಅದ್ದಿ ಅದನ್ನು ತಿನ್ನುವರು. ಡೇಮಿಯನ್ನರೂ ಅದೇ ಪಾತ್ರೆಗೆ ಕೈಯಿಟ್ಟರು. ಊರೇ ಮುಟ್ಟಲಂಜಿದ ಜನರಿಗೆ ಈ ಒಂದು ತುತ್ತು ಏನಾಗಿತ್ತೆಂಬುದನ್ನು ಊಹಿಸಬಹುದು.

1884ರ ಕೊನೆಯಲ್ಲಿ ಒಂದು ದಿನ ಅವರು ಕುದಿಯುವಂತಹ ನೀರಿನಲ್ಲಿ ಕಾಲಿಟ್ಟರು. ಚರ್ಮ ಬೊಬ್ಬೆಯೆದ್ದಿತು, ನೋವು ಮಾತ್ರ ತಿಳಿಯಲಿಲ್ಲ. ರೋಗ ತಮಗೂ ತಗುಲಿತೆಂಬುದು ಖಚಿತವಾಯಿತು. ಆದರೂ ದುಡಿಮೆ ನಿಲ್ಲಲಿಲ್ಲ. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆ ರೋಗವನ್ನು ಗುಣಪಡಿಸುವ ಔಷಧ ಬಂದುದು 1940ರ ದಶಕದಲ್ಲಿ.

ಡೇಮಿಯನ್ನರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅವರು ಹಠವಾದಿಗಳು, ಮಾತಿನಲ್ಲಿ ಒರಟರು; ಮೇಲಧಿಕಾರಿಗಳೊಡನೆ ಅವರ ಜಗಳ ಮುಗಿದುದೇ ಇಲ್ಲ. ಹಠವಿಲ್ಲದಿದ್ದರೆ ಮರಮುಟ್ಟುಗಳೂ ಕೊಳವೆಗಳೂ ಆ ದ್ವೀಪವನ್ನು ಮುಟ್ಟುತ್ತಿದ್ದವೇ! ಅವರು ಸತ್ತಮೇಲೆ ಹೊನೊಲುಲುವಿನ ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬರು ಅವರನ್ನು ಕೊಳಕರೆಂದೂ ಒರಟರೆಂದೂ ಹಳಿದು ಬರೆದರು. ಆಗ 1890ರಲ್ಲಿ ಬಹಿರಂಗ ಪತ್ರ ಬರೆದು ಕಟುವಾಗಿ ಉತ್ತರಿಸಿದವರು 'ಟ್ರೆಷರ್ ಐಲೆಂಡ್' ಕಾದಂಬರಿಯ ಕರ್ತೃ ಸ್ಟೀವನ್‌ಸನ್. ಅವರೂ ಪ್ರಾಟೆಸ್ಟೆಂಟ್ ಮನೆತನದವರೇ. ಮೊಲೊಕಾಯಿಗೆ ಹೋಗಿ ರೋಗಿಗಳ ನಡುವೆ ಕೆಲವು ದಿನ ಇದ್ದು ಬಂದವರು. ದೋಷಗಳನ್ನು ಅವರು ಅಲ್ಲಗಳೆಯಲಿಲ್ಲ. ಇತರರು ಹಿತವಾದ ಮನೆಗಳಲ್ಲಿದ್ದಾಗ ಅಲ್ಲಿಗೆ ಹೋದವನು ಆ ಒರಟನೇ ಎಂಬುದನ್ನು ನೆನಪಿಸಿದರು.

1936ರಲ್ಲಿ ಡೇಮಿಯನ್ನರ ದೇಹವನ್ನು ಬೆಲ್ಜಿಯಂಗೆ ಒಯ್ದರು. 1995ರಲ್ಲಿ ಅವರ ಬಲಗೈಯ ಅವಶೇಷವನ್ನು ಹವಾಯಿಗೆ ಹಿಂದಿರುಗಿಸಲಾಯಿತು. ಮೊಲೊಕಾಯಿಯ ಹಳೆಯ ಸಮಾಧಿಯಲ್ಲಿಯೇ ಅದನ್ನು ಹೂಳಿದರು. ಪೋಪರು ಅವರನ್ನು ಸಂತರೆಂದು ಸಾರಿದುದು ಅದಾದ ಮೇಲೆ, 2009ರಲ್ಲಿ.